ಎಲೆಯ ಮರ್ಮರ, ಎದೆಯ ಮರ್ಮರ

ಪ್ರಶ್ನೆ: ನನ್ನ ಐದು ವರ್ಷದ ಮಗಳಿಗೆ ಜ್ವರ ಬಂದಿತ್ತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಸಣ್ಣ ಮರ್ಮರ್ ಇದೆ, ಗಾಬರಿಯಾಗಬೇಡಿ" ಅಂದರು. ಆಮೇಲೆ ಓದಿದ ಒಂದು ಕನ್ನಡ ಲೇಖನದಲ್ಲಿ ಅದನ್ನೇ ‘ಹೃದಯದ ಮರ್ಮರ’ ಅಂತ ಬರೆದಿದ್ದರು. ಈ ಪದ ನಮ್ಮಿಂದ ಇಂಗ್ಲಿಷಿಗೆ ಹೋಯಿತೋ, ಅಲ್ಲಿಂದ ನಮ್ಮಲ್ಲಿಗೆ ಬಂತೋ? ಮರದ ಎಲೆ ಅಲ್ಲಾಡುವ ಸದ್ದಾದ್ದರಿಂದ ‘ಮರ’ದಿಂದಲೇ ಮರ್ಮರ ಹುಟ್ಟಿದ್ದು ಅಂತ ನಮ್ಮ ಮಾವನವರು ಹೇಳುತ್ತಾರೆ. ಮಂಡಕ್ಕಿಗೆ ಹಿಂದಿಯಲ್ಲಿ ಮುರ್ಮುರಾ ಅಂತಾರಲ್ಲ, ಅದೂ ಇದಕ್ಕೆ ನೆಂಟನಾ?

ಉತ್ತರ: ಮೊದಲು ಮಗಳ ವಿಷಯ. ನಾನು ಪದಗಳ ಡಾಕ್ಟರೇ ಹೊರತು ಎದೆಯ ಡಾಕ್ಟರಲ್ಲ. ಆದರೂ ನಿಮ್ಮ ವೈದ್ಯರು ಹೇಳಿದ್ದು ಎಲ್ಲ ಕಡೆ ಹೇಳುವ ಮಾತೇ. ಹೃದಯದಲ್ಲಿ ಯಾವ ದೋಷವೂ ಇಲ್ಲದ ಎಷ್ಟೋ ಮಕ್ಕಳಲ್ಲಿ ಈ ಸದ್ದು ಕೇಳಿಸುತ್ತದೆ. ಜ್ವರ ಬಂದು ರಕ್ತ ಜೋರಾಗಿ ಓಡುವಾಗ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಮುಂದೆ ಏನಾದರೂ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನು ಅವರೇ ಹೇಳಲಿ. ನಾನು ಪದದ ಕಡೆ ಹೋಗುತ್ತೇನೆ.

ಮಾವನವರ ಊಹೆಗೆ ಮೊದಲು ಉತ್ತರ ಕೊಟ್ಟುಬಿಡೋಣ. ಊಹೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ‘ಮರ’ ಅಚ್ಚಕನ್ನಡದ ಪದ. ತಮಿಳು, ಮಲಯಾಳಗಳಲ್ಲಿ ಅದು ‘ಮರಂ’. ತುಳುವಿನಲ್ಲಿ ‘ಮರ’ವೇ. ತೆಲುಗಿನಲ್ಲಿ ‘ಮ್ರಾನು’ ಸವೆದು ‘ಮಾನು’ ಆಗಿದೆ. ‘ಮರ್ಮರ’ ಮಾತ್ರ ಸಂಸ್ಕೃತದಿಂದ ಬಂದದ್ದು. ಸಂಸ್ಕೃತದಲ್ಲಿ ಮರಕ್ಕೆ ವೃಕ್ಷ, ತರು, ದ್ರುಮ ಅಂತೆಲ್ಲ ಇದೆಯೇ ಹೊರತು ‘ಮರ’ ಇಲ್ಲ. ಕನ್ನಡದ ಮರದ ಮೇಲೆ ಸಂಸ್ಕೃತದ ಸದ್ದು ಬಂದು ಕೂತದ್ದು ಆಕಸ್ಮಿಕ. ಹಾಗೆಯೇ ‘ಮರ್ಮ’ಕ್ಕೂ ಮರ್ಮರಕ್ಕೂ ಸಂಬಂಧವಿಲ್ಲ. ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಗಳನ್ನು, ಅಂದರೆ ಪೆಟ್ಟು ಬಿದ್ದರೆ ಅಪಾಯವಾಗುವ ಜಾಗಗಳನ್ನು, ಲೆಕ್ಕ ಹಾಕುತ್ತದೆ. ಹೃದಯ ಅದರಲ್ಲಿ ಒಂದು. ಹೃದಯ ಮರ್ಮವಾದ್ದರಿಂದ ಅದರ ಸದ್ದು ಮರ್ಮರ ಅಂತ ಯಾರಾದರೂ ಕಥೆ ಕಟ್ಟುವ ಮೊದಲೇ ಈ ಮಾತು ಹೇಳಿಬಿಡುತ್ತಿದ್ದೇನೆ!

ಸಂಸ್ಕೃತದವರ ಕಿವಿಗೆ ಮರ್ಮರ ಅಂದರೆ ಏನು? ಅಮರಸಿಂಹನ ಹಳೆಯ ಸಂಸ್ಕೃತ ನಿಘಂಟು ಅಮರಕೋಶ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಬಟ್ಟೆ ಮತ್ತು ಎಲೆಗಳ ಸದ್ದು ಮರ್ಮರ. ಒಡವೆಗಳ ಸದ್ದು ಶಿಂಜಿತ. ನೋಡಿ, ಎಲೆಯನ್ನೂ ಬಟ್ಟೆಯನ್ನೂ ಒಂದೇ ಕಡೆ ಇಟ್ಟಿದ್ದಾನೆ. ಗಂಜಿ ಹಾಕಿದ ಪಂಚೆ, ಹೊಸ ರೇಷ್ಮೆ ಸೀರೆ, ಒಣಗಿದ ತರಗೆಲೆ, ಇವೆಲ್ಲ ಒಂದಕ್ಕೊಂದು ಉಜ್ಜಿದಾಗ ಬರುವ ಸದ್ದು ಅದು. ಒಣ ಸದ್ದು.

ಕಾಳಿದಾಸನಲ್ಲೂ ಹಾಗೆಯೇ. ಶಿವನ ತಪಸ್ಸು ಕೆಡಿಸಲು ಮನ್ಮಥ ಬಂದಾಗ ಕಾಡಿಗೆ ಹೊತ್ತಲ್ಲದ ಹೊತ್ತಿನಲ್ಲಿ ವಸಂತ ನುಗ್ಗುತ್ತದೆ. ಹೂವಿನ ಧೂಳು ಕಣ್ಣಿಗೆ ಬಿದ್ದು ಜಿಂಕೆಗಳು ಗಾಳಿಗೆ ಎದುರಾಗಿ ಓಡುತ್ತವೆ. ಅವು ಓಡುವ ನೆಲದಲ್ಲಿ ಎಲೆಗಳು ಮರ್ಮರ ಅನ್ನುತ್ತಾ ಉದುರುತ್ತಿರುತ್ತವೆ. ಇದು ಕುಮಾರಸಂಭವದ ಮೂರನೆಯ ಸರ್ಗ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಇನ್ನೊಂದು ಚಿತ್ರವಿದೆ. ರಘು ಹಿಮಾಲಯದ ದಾರಿಯಲ್ಲಿ ಹೋಗುವಾಗ ಗಾಳಿ ಬೀಸುತ್ತದೆ. ಒಂದೇ ಗಾಳಿ ಭೂರ್ಜ ಮರಗಳಲ್ಲಿ ಮರ್ಮರವಾಗುತ್ತದೆ, ಟೊಳ್ಳು ಬಿದಿರಿನಲ್ಲಿ ಕೊಳಲಿನಂಥ ಧ್ವನಿಯಾಗುತ್ತದೆ. ಭೂರ್ಜದ ತೊಗಟೆ ಕಾಗದದ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಹಳೆಯ ಕಾಲದಲ್ಲಿ ಅದರ ಮೇಲೆಯೇ ಪುಸ್ತಕ ಬರೆಯುತ್ತಿದ್ದರು. ಅಂಥ ಮರಕ್ಕೆ ‘ಮರ್ಮರ’ ಎಷ್ಟು ಸರಿಯಾಗಿ ಹೊಂದುತ್ತದೆ ಅಲ್ವಾ?

ಈಗ ಪಶ್ಚಿಮಕ್ಕೆ ಹೋಗೋಣ. ಇಂಗ್ಲಿಷಿಗೆ ‘ಮರ್ಮರ್’ ಫ್ರೆಂಚಿನ ಮೂಲಕ ಬಂದದ್ದು, ಅದು ಲ್ಯಾಟಿನ್ನಿನ ‘ಮುರ್‌ಮುರ್’. ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಅದರ ಅರ್ಥ ಎಲೆಯ ಸದ್ದಲ್ಲ, ಜನರ ಗೊಣಗಾಟ. ಲ್ಯಾಟಿನ್ನಿನಲ್ಲಂತೂ ಅದು ಸಣ್ಣ ಸದ್ದು ಅಂತಲೂ ಇರಲಿಲ್ಲ. ಸಮುದ್ರದ ಮೊರೆತ, ಗುಡುಗಿನ ಗುಡುಗುಡು ಎಲ್ಲಕ್ಕೂ ಅದೇ ಪದ. ಲ್ಯಾಟಿನ್ ಕವಿ ವರ್ಜಿಲನ ಮಹಾಕಾವ್ಯದ ನಾಲ್ಕನೆಯ ಭಾಗದಲ್ಲಿ ಬಿರುಗಾಳಿ ಮಳೆ ತರುವಾಗ ಆಕಾಶವೆಲ್ಲ ‘ದೊಡ್ಡ ಮುರ್‌ಮುರ್’ನಿಂದ ತುಂಬುತ್ತದೆ. ಗ್ರೀಕಿನ ‘ಮೊರ್‌ಮುರೋ’ ಕೂಡ ನೀರಿನ ಕ್ರಿಯಾಪದ. ಗ್ರೀಕ್ ಕವಿ ಹೋಮರ್ ನೊರೆ ಕಾರುತ್ತಾ ಬರುವ ಹೊಳೆಗೆ ಅದನ್ನು ಬಳಸಿದ್ದಾನೆ.

ಅಂದರೆ ಪದದ ಸದ್ದು ಹೆಚ್ಚುಕಡಿಮೆ ಒಂದೇ. ಕೇಳಿದ ವಸ್ತು ಮಾತ್ರ ಬೇರೆ. ನಮ್ಮ ಕಡೆ ಅದು ಒಣ ಎಲೆ. ಆ ಕಡೆ ಅದು ನೊರೆ ನೀರು, ಗುಡುಗು, ಗೊಣಗುವ ಮನುಷ್ಯ.

ಹಾಗಾದರೆ ಇವು ಒಂದೇ ಮನೆಯವೋ? ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಕುಟುಂಬದ ಭಾಷೆಗಳು. ಅವುಗಳ ನಡುವೆ ಸದ್ದುಗಳ ಬದಲಾವಣೆಗೆ ಲೆಕ್ಕವಿದೆ. ಅವರಲ್ಲಿ ‘ಒ’ ಇರುವ ಎಷ್ಟೋ ಕಡೆ ಸಂಸ್ಕೃತದಲ್ಲಿ ‘ಅ’ ಇರುತ್ತದೆ. ಎಂಟಕ್ಕೆ ಸಂಸ್ಕೃತದಲ್ಲಿ ‘ಅಷ್ಟ’, ಗ್ರೀಕಿನಲ್ಲಿ ‘ಒಕ್ತೋ’. ಕುರಿಗೆ ಸಂಸ್ಕೃತದಲ್ಲಿ ‘ಅವಿ’, ಲ್ಯಾಟಿನ್ನಿನಲ್ಲಿ ‘ಒವಿಸ್’. ಈ ಲೆಕ್ಕದಲ್ಲಿ ‘ಮರ್ಮರ’ಕ್ಕೂ ‘ಮೊರ್‌ಮುರೋ’ಗೂ ತಾಳೆಯಾಗುತ್ತದೆ. ಅದಕ್ಕೇ ನಿಘಂಟುಗಳು ಇವನ್ನು ಒಂದೇ ಬುಡಕ್ಕೆ ಕಟ್ಟುತ್ತವೆ. ನನಗೂ ಒಪ್ಪಿಗೆ, ಆದರೆ ಅರ್ಧ ಮನಸ್ಸಿನಿಂದ.

ಯಾಕೆ ಅಂದರೆ, ಇಂಥ ಪದಗಳು ಒಳ್ಳೆಯ ಸಾಕ್ಷಿಗಳಲ್ಲ. ತಮಿಳಿನ ‘ಮುರುಮುರು’ ನೋಡಿ. ಗೊಣಗುವುದಕ್ಕೆ ಅಲ್ಲಿ ‘ಮುರುಮುರುತ್ತಾನ್’ ಅನ್ನುತ್ತಾರೆ. ಮಲಯಾಳದಲ್ಲೂ ‘ಮುರುಮುರುಕ್ಕುಗ’ ಇದೆ. ಟರ್ಕಿಯವರು ಮೆಲ್ಲಗೆ ಗುನುಗುವುದಕ್ಕೆ ‘ಮಿರಿಲ್ ಮಿರಿಲ್’ ಅನ್ನುತ್ತಾರೆ. ದ್ರಾವಿಡ ಭಾಷೆಗಳಿಗೂ ಟರ್ಕಿಯ ಭಾಷೆಗೂ ಲ್ಯಾಟಿನ್ನಿಗೂ ಹುಟ್ಟಿನ ಸಂಬಂಧ ಯಾರೂ ಸಾಧಿಸಿಲ್ಲ. ಆದರೂ ಎಲ್ಲರ ಬಾಯಲ್ಲೂ ‘ಮ’ ಮತ್ತು ‘ರ’. ನೀವೇ ಮಾಡಿ ನೋಡಿ. ತುಟಿ ಮುಚ್ಚಿ ಗಂಟಲಲ್ಲಿ ಸದ್ದು ಮಾಡಿದರೆ ಬರುವುದು ‘ಮ್’. ಆ ಸದ್ದು ಅದುರುತ್ತಾ ಇರಬೇಕು ಅಂದರೆ ನಾಲಿಗೆಯ ತುದಿ ‘ರ್’ ಅನ್ನುತ್ತದೆ. ನಿಲ್ಲದೆ ನಡೆಯುತ್ತಿದೆ ಅನ್ನಿಸಲು ಅದನ್ನೇ ಎರಡು ಸಲ ಹೇಳುತ್ತೇವೆ. ಇದಕ್ಕೆ ತಾತನ ಆಸ್ತಿ ಬೇಕಾಗಿಲ್ಲ, ಬಾಯಿ ಇದ್ದರೆ ಸಾಕು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ನಮ್ಮದು ಅಲ್ಲಿಗೆ ಹೋಗಲಿಲ್ಲ. ಅವರದು ಇಲ್ಲಿಗೆ ಬಂದದ್ದು ಡಾಕ್ಟರ ಬಾಯಲ್ಲಿ ಮಾತ್ರ. ಸಂಸ್ಕೃತದ ಮರ್ಮರ ಅದಕ್ಕೂ ಬಹಳ ಮೊದಲೇ ನಮ್ಮ ಬರಹದಲ್ಲಿತ್ತು.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ, ಇದನ್ನು ಕೇಳುವವರು ಜಾಸ್ತಿ. ಹಿಂದಿಯ ‘ಸಂಗ್‌ಮರ್ಮರ್’ ಅಂದರೆ ಅಮೃತಶಿಲೆ. ಅದಕ್ಕೂ ಸದ್ದಿಗೂ ಸಂಬಂಧವಿಲ್ಲ. ಅದು ಪಾರಸಿ, ಅದಕ್ಕೆ ಮೂಲ ಗ್ರೀಕಿನ ‘ಮರ್ಮರೋಸ್’ ಅನ್ನುವ ಕಲ್ಲಿನ ಹೆಸರು. ಟರ್ಕಿಯ ಮರ್ಮರ ಸಮುದ್ರಕ್ಕೂ ಆ ಹೆಸರು ಬಂದದ್ದು ಅಲ್ಲಿನ ದ್ವೀಪದ ಅಮೃತಶಿಲೆಯಿಂದ, ಅಲೆಯ ಸದ್ದಿನಿಂದಲ್ಲ.

ಮಂಡಕ್ಕಿಯ ವಿಷಯ ಹೇಳಬೇಕು. ದಾವಣಗೆರೆಯ ಕಡೆ ಮಂಡಕ್ಕಿ, ಮೈಸೂರು ಬೆಂಗಳೂರಿನ ಕಡೆ ಪುರಿ, ಉತ್ತರ ಕರ್ನಾಟಕದಲ್ಲಿ ಚುರಮುರಿ. ಮರಾಠಿಯವರಿಗೆ ಕುರ್‌ಮುರಾ, ಹಿಂದಿಯವರಿಗೆ ಮುರ್ಮುರಾ. ಚುರಮುರಿ, ಕುರ್‌ಮುರಾ, ಮುರ್ಮುರಾ ಮೂರೂ ಹಲ್ಲಿನ ನಡುವೆ ಬರುವ ಸದ್ದಿನಿಂದ ಹುಟ್ಟಿದ ಹೆಸರುಗಳು. ಮರ್ಮರದ ಮಕ್ಕಳಲ್ಲ, ಅದೇ ಕೇರಿಯವು ಅನ್ನಬಹುದು. ತಮಿಳರು ದೋಸೆ ‘ಮೊರುಮೊರು’ ಇರಬೇಕು ಅನ್ನುತ್ತಾರೆ. ನಮಗೆ ‘ಗರಿಗರಿ’ ಇರಬೇಕು. ಅಲ್ಲೂ ಸದ್ದೇ ರುಚಿಯ ಹೆಸರು. ಸಂಸ್ಕೃತದಲ್ಲಿ ‘ಮುರ್ಮುರ’ ಅಂತಲೂ ಒಂದು ಪದ ಇದೆ, ಅದರ ಅರ್ಥ ಹೊಟ್ಟಿನ ಬೆಂಕಿ. ಭತ್ತದ ಹೊಟ್ಟು ಉರಿಸಿ ಮಂಡಕ್ಕಿ ಹುರಿಯುತ್ತಿದ್ದರು, ಅದಕ್ಕೇ ಮುರ್ಮುರಾ ಅಂತ ಕಥೆ ಹೆಣೆಯುವುದು ತುಂಬಾ ಸುಲಭ. ಕೇಳಲು ಚೆಂದವಾಗಿರುವ ಇಂಥ ಕಥೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ನೀವು ಕೇಳದೇ ಇದ್ದರೂ ನನಗೆ ಆಸೆ ಇರುವ ಭಾಗ ಈಗ. ಅಸ್ಪಷ್ಟವಾದ ಸಣ್ಣ ಸದ್ದಿಗೆ ನಮ್ಮ ಮನೆಯಲ್ಲೇ ಎಷ್ಟು ಪದ ಇದೆ ಗೊತ್ತಾ? ಕನ್ನಡದ ಕಿವಿ ಇಲ್ಲಿ ಬಹಳ ಸೂಕ್ಷ್ಮ. ‘ಪಿಸುಪಿಸು’ ಅನ್ನುವಾಗ ಬರೀ ಉಸಿರು. ಆ ಪದದಲ್ಲಿರುವ ‘ಪ’ಕ್ಕೂ ‘ಸ’ಕ್ಕೂ ಗಂಟಲಿನ ಅದುರು ಬೇಕಿಲ್ಲ. ನಿಜವಾದ ಪಿಸುಮಾತಿಗೂ ಬೇಕಿಲ್ಲ. ‘ಗುಸುಗುಸು’ವಿನಲ್ಲಿ ‘ಗ’ ಸೇರಿತು, ಸದ್ದು ಒಂದು ಮೆಟ್ಟಿಲು ಏರಿತು. ಇಬ್ಬರು ಮೂವರು ಮೂಲೆಯಲ್ಲಿ ನಿಂತು ಯಾರದೋ ಮಾತಾಡುತ್ತಿದ್ದಾರೆ. ‘ಸ’ ಹೋಗಿ ‘ಜ’ ಬಂದರೆ ‘ಗುಜುಗುಜು’. ಅದು ಮೂಲೆಯಲ್ಲ, ಮದುವೆ ಮನೆ. ಮಾಸ್ತರು ಇನ್ನೂ ಬಾರದ ತರಗತಿ. ಒಂದೇ ಒಂದು ಅಕ್ಷರ ಬದಲಾಗಿ ಗುಟ್ಟು ಹೋಗಿ ಗುಂಪು ಬಂತು.

‘ಗೊಣಗೊಣ’ದಲ್ಲಿ ‘ಣ’ ಇದೆ. ಗೊಣಗುವವರ ಮಾತು ಅರ್ಧ ಮೂಗಿನಿಂದಲೇ ಬರುವುದು. ತೆಲುಗಿನಲ್ಲೂ ‘ಗೊಣುಗು’ ಇದೆ. ತಮಿಳಿನಲ್ಲಿ ‘ಮುಣುಮುಣು’. ಕನ್ನಡ ಬೈಬಲಿನಲ್ಲಿ ಮರುಭೂಮಿಯಲ್ಲಿ ಊಟವಿಲ್ಲದೆ ಜನ ಮೋಶೆಯ ವಿರುದ್ಧ ‘ಗುಣುಗುಟ್ಟುತ್ತಾರೆ’. ಅದೇ ಜಾಗದಲ್ಲಿ ಇಂಗ್ಲಿಷಿನವರು ‘ಮರ್ಮರ್’ ಬಳಸಿದ್ದಾರೆ. ಇಲ್ಲಿ ಕನ್ನಡಕ್ಕೆ ತಂದವರು ‘ಮರ್ಮರ’ ಅಂತ ಇಟ್ಟಿದ್ದರೆ ಹೇಗಿರುತ್ತಿತ್ತು ಯೋಚಿಸಿ. ಜನ ತರಗೆಲೆಯ ಹಾಗೆ ಸದ್ದು ಮಾಡಿದಂತೆ ಆಗುತ್ತಿತ್ತು. ಸದ್ದಿನಲ್ಲಿ ಹತ್ತಿರ ಇರುವ ಪದ ಅರ್ಥದಲ್ಲೂ ಹತ್ತಿರ ಇರಬೇಕಿಲ್ಲ.

ಇನ್ನು ‘ಗುನುಗು’ ಅಂದರೆ ಹಾಡು, ಬೇಸರವಲ್ಲ. ಪೂಜೆಯ ಮಂತ್ರ ‘ಮಣಮಣ’. ಬಿಡದೆ ಮಾತಾಡುವವರದು ‘ವಟವಟ’. ಸಣ್ಣ ತೊರೆ ‘ಜುಳುಜುಳು’. ಕಾಯಿಲೆಯವರು ‘ನರಳುತ್ತಾರೆ’. ಸೊಳ್ಳೆ ‘ಗುಂಯ್’ ಅನ್ನುತ್ತದೆ. ದುಂಬಿ ಮಾತ್ರ ‘ಮೊರೆಯುತ್ತದೆ’, ಕಡಲೂ ಮೊರೆಯುತ್ತದೆ. ಲ್ಯಾಟಿನ್ನಿನ ‘ಮುರ್‌ಮುರ್’ಗೆ ಕನ್ನಡದಲ್ಲಿ ಸರಿಯಾದ ಜೋಡಿ ‘ಮೊರೆತ’ವೇ ಅಂತ ನನ್ನ ಅಭಿಪ್ರಾಯ. ಇಲ್ಲೂ ‘ಮ’ ಮತ್ತು ‘ರ’ ಇರುವುದನ್ನು ಗಮನಿಸಿದಿರಾ? ನೆಂಟಸ್ತಿಕೆ ಹುಡುಕಬೇಡಿ. ಬರೀ ಬಾಯಿಯ ಕೆಲಸ.

‘ಗುಲ್ಲು’ ಇನ್ನೂ ಸ್ವಾರಸ್ಯ. ಮೂಲದಲ್ಲಿ ಅದು ಗದ್ದಲ. ಈಗ ‘ಊರೆಲ್ಲ ಗುಲ್ಲಾಗಿದೆ’ ಅಂದರೆ ಸುದ್ದಿ ಹಬ್ಬಿದೆ ಅಂತ. ಸದ್ದೇ ಸುದ್ದಿಯಾಯಿತು. ಇಂಗ್ಲಿಷಿನ ‘ರೂಮರ್’ ಕೂಡ ಲ್ಯಾಟಿನ್ನಿನಲ್ಲಿ ಮೊದಲು ಬರೀ ಗದ್ದಲವೇ.

ವ್ಯಾಕರಣದ ಪಾಠದಲ್ಲಿ ಇವನ್ನೆಲ್ಲ ಅನುಕರಣಾವ್ಯಯ ಅಂತ ಒಂದು ಪಟ್ಟಿ ಮಾಡಿ ಮುಗಿಸಿಬಿಡುತ್ತಾರೆ. ಇದು ಬೇಸರದ ವಿಷಯ. ಮರೆ ಬಿ. ಎಮೆನೊ ಅನ್ನುವ ಭಾಷಾವಿಜ್ಞಾನಿ ಇವುಗಳನ್ನು ಗಂಭೀರವಾಗಿ ತೆಗೆದುಕೊಂಡರು. ಥಾಮಸ್ ಬರೋ ಜೊತೆ ಸೇರಿ 1961ರಲ್ಲಿ ದ್ರಾವಿಡ ಪದಮೂಲ ಕೋಶವನ್ನು ಹೊರತಂದವರು ಅವರೇ. ಭಾರತದ ಭಾಷೆಗಳು ಬೇರೆ ಬೇರೆ ಕುಟುಂಬದವಾದರೂ ಇಂಥ ಜೋಡಿ ಪದಗಳಲ್ಲಿ ಒಂದನ್ನೊಂದು ಹೋಲುತ್ತವೆ ಅಂತ 1969ರಲ್ಲಿ ಒಂದು ಲೇಖನವನ್ನೇ ಬರೆದರು. ಕನ್ನಡದಲ್ಲಿ ಇವುಗಳಿಗೆ ‘ಗುಟ್ಟು’, ‘ಗುಡು’, ‘ಅನ್ನು’ ಸೇರಿದರೆ ಕ್ರಿಯಾಪದ ಸಿದ್ಧ. ಗೊಣಗುಟ್ಟು, ಪಿಸುಗುಡು, ಗುಜುಗುಜು ಅನ್ನು. ಈಗ ‘ಮರ್ಮರಗುಟ್ಟು’ ಅಂತ ಹೇಳಿ ನೋಡಿ. ನಾಲಿಗೆ ಒಪ್ಪುವುದಿಲ್ಲ. ಪದ್ಯ ಬರೆಯುವವರು ‘ಮರ್ಮರಿಸು’ ಅನ್ನುತ್ತಾರೆ. ಈ ಪದ ಇನ್ನೂ ನಮ್ಮ ಅಡುಗೆಮನೆಗೆ ಬಂದಿಲ್ಲ, ಪಡಸಾಲೆಯಲ್ಲೇ ಕೂತಿದೆ ಅನ್ನುವುದಕ್ಕೆ ಇದು ಒಂದು ಗುರುತು. ನಮ್ಮ ಅಜ್ಜಿ ತರಗೆಲೆಯ ಸದ್ದಿಗೆ ‘ಸರಸರ’, ‘ಪರಪರ’ ಅನ್ನುತ್ತಿದ್ದರೇ ಹೊರತು ಮರ್ಮರ ಅಂದದ್ದು ನಾನು ಕೇಳಿಲ್ಲ.

ಒಂದು ಸಣ್ಣ ಅಡ್ಡಮಾತು. ಧ್ವನಿವಿಜ್ಞಾನಿಗಳು ಘ, ಝ, ಧ, ಭ ಇವುಗಳನ್ನು ಹೇಳುವಾಗ ಗಂಟಲಿನಲ್ಲಿ ಉಸಿರು ಬೆರೆತ ಅದುರು ಬರುತ್ತದಲ್ಲ, ಅದಕ್ಕೂ ‘ಮರ್ಮರ್’ ಅಂತಲೇ ಹೆಸರಿಟ್ಟಿದ್ದಾರೆ. ಮಾತಾಡುವಾಗ ನಮ್ಮಲ್ಲಿ ಬಹಳ ಜನ ಈ ಮಹಾಪ್ರಾಣಗಳನ್ನು ಬಿಟ್ಟುಬಿಡುತ್ತೇವೆ. ಎದೆಯಲ್ಲಿ ಮರ್ಮರ್ ಇದೆಯೋ ಇಲ್ಲವೋ, ಬಾಯಲ್ಲಂತೂ ಕಡಿಮೆಯಾಗುತ್ತಿದೆ!

ಮತ್ತೆ ಎದೆಗೆ ಬರೋಣ. 1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಅನ್ನುವ ವೈದ್ಯರ ಹತ್ತಿರ ಒಬ್ಬ ಯುವತಿ ಬಂದಳು. ಎದೆಗೆ ನೇರವಾಗಿ ಕಿವಿ ಇಡಲು ಅವರಿಗೆ ಸಂಕೋಚ. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಎದೆಗೆ, ಇನ್ನೊಂದು ತುದಿ ಕಿವಿಗೆ ಇಟ್ಟರು. ಸದ್ದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ಸ್ಟೆತಸ್ಕೋಪ್ ಹುಟ್ಟಿದ್ದು ಹೀಗೆ. ಆಮೇಲೆ ಮರದ ಕೊಳವೆ ಮಾಡಿಕೊಂಡರು, 1819ರಲ್ಲಿ ಪುಸ್ತಕ ಬರೆದರು. ಅಲ್ಲಿಯವರೆಗೆ ಯಾರೂ ಹೆಸರಿಡದ ಸದ್ದುಗಳು ಅವರ ಕಿವಿಗೆ ಬಿದ್ದಿದ್ದವು. ಹೆಸರು ಎಲ್ಲಿಂದ ತರುವುದು? ಅವರೂ ನಮ್ಮ ಹಾಗೆಯೇ ಸುತ್ತಲಿನ ಸದ್ದುಗಳ ಮೊರೆಹೋದರು. ಶ್ವಾಸಕೋಶದ ಒಂದು ಸದ್ದು ಬಿಸಿ ಪಾತ್ರೆಯಲ್ಲಿ ಉಪ್ಪು ಸಿಡಿದಂತೆ ಅಂದರು. ಎದೆಯ ಮೇಲೆ ಕೈಯಿಟ್ಟಾಗ ಸಿಗುವ ಒಂದು ಅದುರನ್ನು ಬೆಕ್ಕಿನ ಗುರುಗುಟ್ಟುವಿಕೆಗೆ ಹೋಲಿಸಿದರು. ಹೃದಯದಲ್ಲಿ ಕೇಳಿಸಿದ ಊದುವಂಥ ಸದ್ದನ್ನು ತಿದಿಯ ಸದ್ದು ಅಂದರು. ಕಮ್ಮಾರನ ಕುಲುಮೆಯಲ್ಲಿ ಗಾಳಿ ಊದುವ ಚೀಲ ಇರುತ್ತದಲ್ಲ, ಅದೇ ತಿದಿ.

ಈ ‘ತಿದಿಯ ಸದ್ದು’ ಅನ್ನುವುದೇ ನಿಮ್ಮ ಮಗಳ ‘ಮರ್ಮರ್’ಗೆ ಹತ್ತಿರದ ವರ್ಣನೆ. ಹೃದಯದ ಸಾಮಾನ್ಯ ಸದ್ದು ‘ಲಬ್ ಡಬ್’. ಕವಾಟಗಳು ಮುಚ್ಚಿಕೊಳ್ಳುವಾಗ ಅದು ಬರುತ್ತದೆ. ಆ ಎರಡರ ನಡುವೆ ಸಾಮಾನ್ಯವಾಗಿ ಮೌನ. ರಕ್ತ ನಯವಾಗಿ ಹರಿಯದೆ ಸುಳಿ ಸುಳಿಯಾಗಿ ಹರಿದರೆ ಆ ಮೌನದ ಜಾಗದಲ್ಲಿ ‘ಸುಯ್’ ಅಂತ ಸದ್ದಾಗುತ್ತದೆ. ನಲ್ಲಿಯ ಪೈಪನ್ನು ಬೆರಳಲ್ಲಿ ಒತ್ತಿದಾಗ ಆಗುತ್ತದಲ್ಲ, ಹಾಗೆ. ಇದನ್ನು ಆರು ದರ್ಜೆಗಳಾಗಿ ಅಳೆಯುವ ಪದ್ಧತಿ 1933ರಿಂದ ಬಂತು. ಅದರ ಮೂಲ ಅಮೆರಿಕದ ಸ್ಯಾಮ್ಯುಯೆಲ್ ಲಿವೈನ್ ಅನ್ನುವ ವೈದ್ಯರದು. ಮಕ್ಕಳಲ್ಲಿ ಕೇಳಿಸುವ, ತೊಂದರೆ ಕೊಡದ ಒಂದು ಬಗೆಯನ್ನು 1909ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ವರ್ಣಿಸಿದರು. ಬಿಗಿದ ತಂತಿ ಮೀಟಿದ ಹಾಗೆ ಅಂದಿದ್ದರು. ಈಗಲೂ ಅದಕ್ಕೆ ಅವರದೇ ಹೆಸರು.

ಗಾಳಿ ಊದುವ ತಿದಿ, ಮೀಟಿದ ತಂತಿ. ಎರಡರಲ್ಲೂ ಒಣ ಎಲೆ ಇಲ್ಲ. ಹಾಗಾಗಿ ‘ಹೃದಯದ ಮರ್ಮರ’ ಅನ್ನುವುದು ನನ್ನ ಮಟ್ಟಿಗೆ ಪೂರ್ತಿ ಸರಿಯಾದ ಅನುವಾದವಲ್ಲ. ಇಂಗ್ಲಿಷ್ ಪದದ ಸದ್ದಿಗೆ ಹೊಂದುವ ಸಂಸ್ಕೃತ ಪದ ಸಿಕ್ಕಿತು, ಖುಷಿಯಾಗಿ ಇಟ್ಟುಕೊಂಡರು. ತಪ್ಪು ಅನ್ನಲಾರೆ, ಡಾಕ್ಟರಿಗೂ ರೋಗಿಗೂ ಒಂದೇ ಪದ ಸಿಕ್ಕಿದ ಲಾಭವಿದೆ. ಆದರೆ ಕನ್ನಡದಲ್ಲಿ ಇದಕ್ಕೆ ತಯಾರಾಗಿ ಕೂತ ಪದ ಒಂದಿತ್ತು. ‘ಸುಯ್’ ಅಂದರೆ ಉಸಿರು ಬಿಡು, ನಿಟ್ಟುಸಿರಿಡು. ಅದರಿಂದ ಬಂದದ್ದು ‘ಸುಯ್ಲು’. ‘ಎದೆಯ ಸುಯ್ಲು’ ಅಂದಿದ್ದರೆ ಓದಿದವರಿಗೆ ಸದ್ದೇ ಕೇಳಿಸುತ್ತಿತ್ತು. ಅಜ್ಜಿಯರಿಗೂ ಅರ್ಥವಾಗುತ್ತಿತ್ತು. ಬರೆಯುವವರು ಯಾರಾದರೂ ಬಳಸಿ ನೋಡಲಿ ಅಂತ ನನ್ನ ಆಸೆ.

ಮುಂದಿನ ಸಲ ಮಗಳನ್ನು ತೋರಿಸಲು ಹೋದಾಗ, ಡಾಕ್ಟರಿಗೆ ಪುರುಸೊತ್ತಿದ್ದರೆ, ಸ್ಟೆತಸ್ಕೋಪ್ ಕೇಳಿ ನೀವೂ ಒಂದು ನಿಮಿಷ ಕಿವಿಗಿಟ್ಟುಕೊಳ್ಳಿ. ಮಾವನವರಿಗೂ ಕೊಡಿ. ಅವರ ಕಿವಿಗೆ ಎಲೆಯ ಸದ್ದು ಬಿತ್ತೋ, ತಿದಿಯ ಸದ್ದು ಬಿತ್ತೋ, ನನಗೆ ಒಂದು ಸಾಲು ಬರೆದು ತಿಳಿಸಿ.